ಲದ್ದಿ ಕುಟ್ಟುವುದೂ ಹಿಡಿಸುವ ಕೆಲಸ

1781ರ ಬೇಸಿಗೆ. ಇಂಗ್ಲೆಂಡಿನ ಬಾತ್ ಪಟ್ಟಣದ ಒಂದು ಮನೆಯಲ್ಲಿ ಕುದುರೆ ಲದ್ದಿ ಕುಟ್ಟುವ ಕೆಲಸ ನಡೆದಿದೆ. ಒರಳಿಗೆ ಹಾಕಿ ಕುಟ್ಟಬೇಕು, ಸಣ್ಣ ಕಣ್ಣಿನ ಜರಡಿಯಲ್ಲಿ ಜರಡಿ ಹಿಡಿಯಬೇಕು, ಉಳಿದದ್ದನ್ನು ಮತ್ತೆ ಕುಟ್ಟಬೇಕು. ರಾಶಿಗಟ್ಟಲೆ ಲದ್ದಿ. ಕುಟ್ಟುತ್ತಿರುವುದು ಅಣ್ಣ ತಂಗಿ. ಇಬ್ಬರೂ ಸಂಗೀತಗಾರರು.

ಅಣ್ಣ ವಿಲಿಯಂ ಹರ್ಷೆಲ್ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದರು, ಸಂಗೀತದ ಪಾಠ ಹೇಳುತ್ತಿದ್ದರು. ತಂಗಿ ಕ್ಯಾರೊಲಿನ್ ಕಚೇರಿಗಳಲ್ಲಿ ಹಾಡುತ್ತಿದ್ದರು. ಹೊಟ್ಟೆಪಾಡು ಅದರಿಂದಲೇ ನಡೆಯುತ್ತಿತ್ತು. ಆದರೆ ಅಣ್ಣನಿಗೆ ಆಕಾಶದ ಹುಚ್ಚು. ಅಂಗಡಿಯಲ್ಲಿ ಸಿಗುವ ಟೆಲಿಸ್ಕೋಪು ಸಾಲದು ಅಂತ ತಾವೇ ಕಟ್ಟಲು ಹೊರಟಿದ್ದರು. ಮೂರು ಅಡಿ ಅಗಲದ ಲೋಹದ ಕನ್ನಡಿ ಎರಕ ಹೊಯ್ಯಬೇಕಿತ್ತು. ಆ ಎರಕದ ಅಚ್ಚಿಗೆ ಲದ್ದಿ ಬೆರೆಸಿದ ಮಣ್ಣು ಬೇಕು. ಅದಕ್ಕೇ ಈ ಒರಳು, ಈ ಜರಡಿ.

ಮೊದಲ ಸಲ ಹೊಯ್ದ ಕನ್ನಡಿ ಆರುವಾಗ ಬಿರುಕು ಬಿಟ್ಟಿತು. ಎರಡನೇ ಸಲ ಕುಲುಮೆಯೇ ಸೋರಿತು. ಕರಗಿದ ಲೋಹ ಕಲ್ಲು ಹಾಸಿದ ನೆಲದ ಮೇಲೆ ಹರಿಯಿತು, ಕಾದ ಚಪ್ಪಡಿಗಳು ಸಿಡಿದು ಮೇಲೆ ಹಾರಿದವು, ಎಲ್ಲರೂ ಓಡಿದರು. ಇನ್ನೊಮ್ಮೆ ಒಂದು ಕನ್ನಡಿಗೆ ಹೊಳಪು ಕೊಡುವಾಗ ವಿಲಿಯಂ 16 ಗಂಟೆ ಕೈ ತೆಗೆಯಲಿಲ್ಲ. ಊಟವನ್ನು ತಾನೇ ತುತ್ತು ತುತ್ತಾಗಿ ಬಾಯಿಗಿಟ್ಟೆ ಎಂದು ಕ್ಯಾರೊಲಿನ್ ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ.

ಕನಸಿನ ಕೆಲಸದ ಮಾತು ಬಂದಾಗಲೆಲ್ಲ ನನಗೆ ಈ ಮನೆ ನೆನಪಾಗುತ್ತದೆ. ಯಾಕೆಂದರೆ "ಸಂಬಳದ ಚಿಂತೆಯೇ ಇಲ್ಲದಿದ್ದರೆ ಏನು ಕೆಲಸ ಮಾಡ್ತೀರಿ?" ಅಂತ ಯಾರನ್ನಾದರೂ ಕೇಳಿ, ಬರುವ ಉತ್ತರಗಳಲ್ಲಿ ಲದ್ದಿ ಇರುವುದಿಲ್ಲ. ಕಾಡುಪ್ರಾಣಿಗಳ ಫೋಟೋ ತೆಗೀತೀನಿ ಅನ್ನುತ್ತಾರೆ. ಪುಸ್ತಕದಂಗಡಿ ಇಡ್ತೀನಿ, ವಿಮಾನ ಹಾರಿಸ್ತೀನಿ, ಕಾದಂಬರಿ ಬರೀತೀನಿ ಅನ್ನುತ್ತಾರೆ. ಒಳ್ಳೆಯ ಉತ್ತರಗಳೇ. ಸುಮ್ನೆ ಕೂತಿರ್ತೀನಿ ಅನ್ನುವವರು ಕಡಿಮೆ ಅನ್ನುವುದೇ ನನಗೆ ಸಂತೋಷದ ವಿಷಯ. ದುಡ್ಡಿನ ಒತ್ತಡ ತೆಗೆದರೂ ಜನ ಏನಾದರೂ ಮಾಡಲು ಬಯಸುತ್ತಾರೆ. ಆದರೆ ಈ ಉತ್ತರಗಳಲ್ಲಿ ಇರುವುದು ಹೆಸರು. ದಿನವಿಡೀ ಕೈ ಏನು ಮಾಡುತ್ತಿರುತ್ತದೆ ಅನ್ನುವುದು ಇಲ್ಲ. ಕಾಡುಪ್ರಾಣಿಗಳ ಫೋಟೋ ತೆಗೆಯುವವರ ಬಹುಪಾಲು ಹೊತ್ತು ಕಾಯುವುದರಲ್ಲೇ ಹೋಗುತ್ತದೆ. ಪುಸ್ತಕದಂಗಡಿಯಲ್ಲಿ ಓದುವುದಕ್ಕಿಂತ ಪೆಟ್ಟಿಗೆ ಹೊರುವುದು, ಬಿಚ್ಚುವುದು, ಲೆಕ್ಕ ಇಡುವುದು ಜಾಸ್ತಿ. ಹಾಗಾದರೆ ಕೆಲಸವನ್ನು ಪ್ರೀತಿಸುವುದು ಅಂದರೆ ಏನನ್ನು ಪ್ರೀತಿಸುವುದು? ಮನಃಶಾಸ್ತ್ರದವರು ಈ ಪ್ರಶ್ನೆಯ ಹಿಂದೆ ಬಿದ್ದು ಐವತ್ತು ವರ್ಷ ದಾಟಿದೆ. ಅವರು ಕಂಡುಕೊಂಡದ್ದರಲ್ಲಿ ಹಲವು ವಿಷಯಗಳು ನಮ್ಮ ಎಣಿಕೆಗೆ ಉಲ್ಟಾ ಇವೆ.

ನೌಕರಿಗೆ ಸೇರುತ್ತೇವೆ, ಕಸುಬು ಕಲಿಯುತ್ತೇವೆ

ಮೊದಲು ಮಾತನ್ನೇ ನೋಡೋಣ. ಕನ್ನಡದಲ್ಲಿ ನೌಕರಿಗೆ "ಸೇರುತ್ತಾರೆ", ನೌಕರಿ "ಸಿಗುತ್ತದೆ", ನೌಕರಿ "ಹೋಗುತ್ತದೆ". ಅದು ಹೊರಗಿರುವ ವಸ್ತು. ಆದರೆ ಕಸುಬನ್ನು "ಕಲಿಯುತ್ತಾರೆ". ಕಸುಬು ಕೈಗೆ "ಹತ್ತುತ್ತದೆ". ಒಮ್ಮೆ ಹತ್ತಿದರೆ ಯಾರೂ ಕಿತ್ತುಕೊಳ್ಳಲಾರರು. ಒಂದೇ ಮನುಷ್ಯ ಒಂದೇ ಕುರ್ಚಿಯಲ್ಲಿ ಕೂತು ನೌಕರಿಯನ್ನೂ ಮಾಡಬಹುದು, ಕಸುಬನ್ನೂ ಮಾಡಬಹುದು.

ಇದು ಬರೀ ಮಾತಿನ ಚಮತ್ಕಾರವಲ್ಲ. 1997ರಲ್ಲಿ ಏಮಿ ರೆಸ್ನೆಸ್ಕಿ ಮತ್ತು ಜೊತೆಗಾರರು 196 ಉದ್ಯೋಗಿಗಳನ್ನು ಕೇಳಿ ಒಂದು ಅಧ್ಯಯನ ಪ್ರಕಟಿಸಿದರು. ಜನ ತಮ್ಮ ಕೆಲಸವನ್ನು ಮೂರು ಬಗೆಯಲ್ಲಿ ನೋಡುತ್ತಾರೆ ಅನ್ನುವುದು ಅದರ ತಿರುಳು. ಕೆಲವರಿಗೆ ಅದು ಸಂಬಳದ ದಾರಿ. ಬದುಕು ಶುರುವಾಗುವುದು ಕೆಲಸ ಮುಗಿದ ಮೇಲೆ. ಕೆಲವರಿಗೆ ಅದು ಏಣಿ. ಮುಂದಿನ ಮೆಟ್ಟಿಲಿನ ಮೇಲೆ ಕಣ್ಣು. ಇನ್ನು ಕೆಲವರಿಗೆ ಅದು ತಮ್ಮದೇ ಒಂದು ಭಾಗ; ದುಡ್ಡಿನ ತಾಪತ್ರಯ ಇಲ್ಲದಿದ್ದರೂ ಅದನ್ನೇ ಮಾಡುತ್ತಿದ್ದರು. ಹೆಚ್ಚು ಕಡಿಮೆ ಮೂರು ಸಮಪಾಲು.

ನನಗೆ ಅದರಲ್ಲಿ ಬಹಳ ಹಿಡಿಸಿದ್ದು ಒಂದು ಚಿಕ್ಕ ತುಣುಕು. ಆ ಗುಂಪಿನಲ್ಲಿ 24 ಜನ ಆಡಳಿತ ಸಹಾಯಕರಿದ್ದರು. ಒಂದೇ ಹುದ್ದೆ, ಒಂದೇ ಬಗೆಯ ಕಾಗದಪತ್ರದ ಕೆಲಸ. ಅವರೂ ಹಾಗೇ ಮೂರು ಪಾಲಾಗಿದ್ದರು! ಅಂದರೆ ಪ್ರೀತಿ ಹುದ್ದೆಯ ಹೆಸರಿನಲ್ಲಿ ಕೂತಿಲ್ಲ. ಕನಸಿನ ಕೆಲಸ ಅಂತ ಲೋಕ ಒಪ್ಪಿದ ಕೆಲಸದಲ್ಲೂ ಅದು ಇಲ್ಲದಿರಬಹುದು. ಯಾರೂ ಕನಸು ಕಾಣದ ಕೆಲಸದಲ್ಲೂ ಇರಬಹುದು.

ಮುಂದೆ 2001ರಲ್ಲಿ ರೆಸ್ನೆಸ್ಕಿ ಮತ್ತು ಜೇನ್ ಡಟನ್ ಆಸ್ಪತ್ರೆಯ ಶುಚಿಗೊಳಿಸುವ ಸಿಬ್ಬಂದಿಯ ಬಗ್ಗೆ ಬರೆದರು. ಕೆಲವರು ಹೇಳಿದಷ್ಟು ಗುಡಿಸಿ ಒರೆಸಿ ಹೋಗುತ್ತಿದ್ದರು. ಇನ್ನು ಕೆಲವರು ರೋಗಿಗಳನ್ನು ಮಾತಾಡಿಸುತ್ತಿದ್ದರು, ನೋಡಲು ಬಂದವರಿಗೆ ದಾರಿ ತೋರಿಸುತ್ತಿದ್ದರು. ಪ್ರಜ್ಞೆ ಇಲ್ಲದೆ ಮಲಗಿರುವವರ ಕೋಣೆಗಳಲ್ಲಿ ಗೋಡೆಯ ಚಿತ್ರಗಳನ್ನು ಆಗಾಗ ಅದಲು ಬದಲು ಮಾಡುತ್ತಿದ್ದ ಒಬ್ಬರಿದ್ದರು. ಆ ಬದಲಾವಣೆಯಿಂದ ಅವರಿಗೆ ಏನಾದರೂ ಒಳ್ಳೆಯದಾದೀತು ಅಂತ. ಯಾವ ನಿಯಮದ ಪುಸ್ತಕದಲ್ಲೂ ಇಲ್ಲದ ಕೆಲಸ ಅದು. ಇವರು ಕೆಲಸ ಬದಲಿಸಲಿಲ್ಲ. ಕೆಲಸದ ಅಂಚುಗಳನ್ನು ತಮ್ಮ ಕಡೆಗೆ ಸ್ವಲ್ಪ ಎಳೆದುಕೊಂಡರು.

ದುಡ್ಡು ಕೊಟ್ಟರೆ ಪ್ರೀತಿ ಕಡಿಮೆಯಾಗುತ್ತದಾ?

"ಇಷ್ಟದ ಹವ್ಯಾಸವನ್ನು ಕೆಲಸ ಮಾಡಿಕೊಂಡರೆ ಇಷ್ಟವೇ ಹೋಗಿಬಿಡುತ್ತೆ" ಅನ್ನುವ ಮಾತು ಕೇಳಿರ್ತೀರಿ. ಇದರಲ್ಲಿ ಅರ್ಧ ನಿಜವಿದೆ. ಆ ಅರ್ಧ ಯಾವುದು ಅಂತ ತಿಳಿಯುವುದು ಮುಖ್ಯ. ಹಾಗಾಗಿ ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ.

1971ರಲ್ಲಿ ಎಡ್ವರ್ಡ್ ಡೆಸಿ ಎಂಬ ಯುವ ಸಂಶೋಧಕರು ಕಾಲೇಜು ವಿದ್ಯಾರ್ಥಿಗಳ ಕೈಗೆ ಒಂದು ಒಗಟಿನ ಆಟಿಕೆ ಕೊಟ್ಟರು. ಏಳು ತುಂಡುಗಳು, ಜೋಡಿಸಿದರೆ ಬೇರೆ ಬೇರೆ ಆಕಾರ ಬರುತ್ತದೆ. ಕೈಗೆತ್ತಿಕೊಂಡರೆ ಬಿಡಲು ಮನಸ್ಸಾಗದಂಥದ್ದು. ಮೂರು ಸಲ ಕರೆಸಿದರು. ಎರಡನೇ ಸಲ ಒಂದು ಗುಂಪಿಗೆ ಮಾತ್ರ, ಬಿಡಿಸಿದ ಪ್ರತಿ ಒಗಟಿಗೆ ಒಂದು ಡಾಲರ್ ಕೊಟ್ಟರು. ಮೂರನೇ ಸಲ ಯಾರಿಗೂ ದುಡ್ಡಿಲ್ಲ. ಪ್ರತಿ ಸಲವೂ ನಡುವೆ ಏನೋ ನೆಪ ಹೇಳಿ ಎಂಟು ನಿಮಿಷ ಹೊರಗೆ ಹೋಗುತ್ತಿದ್ದರು. ಮೇಜಿನ ಮೇಲೆ ಪತ್ರಿಕೆಗಳೂ ಇದ್ದವು. ಅಸಲು ಪರೀಕ್ಷೆ ಇದ್ದದ್ದು ಆ ಎಂಟು ನಿಮಿಷದಲ್ಲಿ: ಯಾರೂ ನೋಡದಿದ್ದಾಗ ಇವರು ಏನು ಮಾಡುತ್ತಾರೆ? ದುಡ್ಡು ಪಡೆದಿದ್ದವರು, ದುಡ್ಡು ನಿಂತ ಮೇಲೆ, ಒಗಟಿನ ಜೊತೆ ಮೊದಲಿಗಿಂತ ಕಡಿಮೆ ಹೊತ್ತು ಕಳೆದರು.

ಎರಡು ವರ್ಷದ ನಂತರ ಮಾರ್ಕ್ ಲೆಪರ್ ಮತ್ತು ಜೊತೆಗಾರರು ಇನ್ನೂ ಚಿಕ್ಕವರನ್ನು ನೋಡಿದರು. ಚಿತ್ರ ಬಿಡಿಸುವುದೆಂದರೆ ಪ್ರಾಣ ಅನ್ನುವಂಥ ಪುಟ್ಟ ಮಕ್ಕಳು, ಸ್ಕೆಚ್ ಪೆನ್ನುಗಳು. ಒಂದು ಗುಂಪಿಗೆ "ಚಿತ್ರ ಬರೆದರೆ ಬಹುಮಾನ ಕೊಡ್ತೀವಿ" ಅಂತ ಮೊದಲೇ ಹೇಳಿದರು. ಚಿನ್ನದ ಬಣ್ಣದ ನಕ್ಷತ್ರ, ರಿಬ್ಬನ್ ಇರುವ ಚಂದದ ಪತ್ರ. ಎರಡನೇ ಗುಂಪಿಗೆ ಏನೂ ಹೇಳದೆ ಕೊನೆಗೆ ಅದನ್ನೇ ಕೊಟ್ಟರು. ಮೂರನೆಯದಕ್ಕೆ ಏನೂ ಇಲ್ಲ. ಕೆಲವು ದಿನ ಬಿಟ್ಟು ಆಟದ ಹೊತ್ತಿನಲ್ಲಿ ಗಮನಿಸಿದರು. ಬಹುಮಾನದ ಮಾತು ಕೇಳಿ ಬರೆದಿದ್ದ ಮಕ್ಕಳು ಉಳಿದವರ ಅರ್ಧದಷ್ಟು ಹೊತ್ತು ಮಾತ್ರ ಚಿತ್ರ ಬರೆದರು. ಅನಿರೀಕ್ಷಿತವಾಗಿ ಬಹುಮಾನ ಪಡೆದ ಮಕ್ಕಳ ಉತ್ಸಾಹ ಇಳಿದಿರಲಿಲ್ಲ.

ಕೊನೆಯ ವಾಕ್ಯದಲ್ಲೇ ಕೀಲಿ ಇದೆ. ಬಹುಮಾನ ಕೆಡಿಸಲಿಲ್ಲ. "ಇದು ಮಾಡಿದರೆ ಅದು" ಅನ್ನುವ ಕರಾರು ಕೆಡಿಸಿತು. ಆಟವಾಗಿದ್ದದ್ದು ಒಪ್ಪಂದವಾಯಿತು. "ನಾನು ಯಾಕೆ ಬರೀತಿದ್ದೀನಿ?" ಅನ್ನುವ ಪ್ರಶ್ನೆಗೆ ಮನಸ್ಸಿನೊಳಗೆ ಇದ್ದ ಉತ್ತರ ಬದಲಾಯಿತು. ಡೆಸಿಯವರ ಪ್ರಯೋಗದಲ್ಲೇ ಇನ್ನೊಂದು ಸಂಗತಿಯೂ ಕಂಡಿತ್ತು: ದುಡ್ಡಿನ ಬದಲು "ಚೆನ್ನಾಗಿ ಮಾಡಿದಿರಿ" ಅಂದಾಗ ಆಸಕ್ತಿ ಇಳಿಯಲಿಲ್ಲ.

ಆಮೇಲೆ ಡೆಸಿ ಮತ್ತು ರಿಚರ್ಡ್ ರಯಾನ್ ಸೇರಿ ಇದನ್ನು ದೊಡ್ಡ ಸಿದ್ಧಾಂತವಾಗಿ ಬೆಳೆಸಿದರು. ಯಾವುದೇ ಕೆಲಸ ಒಳಗಿನಿಂದ ಹಿಡಿಸಬೇಕಾದರೆ ಮೂರು ಆಸರೆ ಬೇಕು ಅನ್ನುತ್ತಾರೆ ಅವರು. ನನ್ನ ಇಚ್ಛೆಯಿಂದ ಮಾಡುತ್ತಿದ್ದೇನೆ ಅನ್ನುವ ಭಾವ. ಕೈ ಪಳಗುತ್ತಿದೆ ಅನ್ನುವ ಅನುಭವ. ಜೊತೆಗೆ ಒಂದಷ್ಟು ಮನುಷ್ಯರ ಒಡನಾಟ. ದುಡ್ಡು ಮೊದಲನೆಯದಕ್ಕೆ ಏಟು ಕೊಟ್ಟರೆ ಪ್ರೀತಿ ಸೊರಗುತ್ತದೆ. ಹಾಗಂತ ಸಂಬಳ ಬೇಡವೇ ಬೇಡ ಅಂತಲ್ಲ, ದಯವಿಟ್ಟು ಹಾಗೆ ಓದಬೇಡಿ. ಬದುಕಿಗೆ ಸಾಕಾಗುವಷ್ಟು ಸಂಬಳ ತಲೆಯ ಮೇಲಿನ ಸೂರಿನಂತೆ. ಅದರ ಕೆಳಗೆ ನೆಮ್ಮದಿಯಾಗಿ ಕೂತು ಕೆಲಸ ಮಾಡಬಹುದು. ಪ್ರತಿ ಗೆರೆಗೆ ಇಷ್ಟು, ಪ್ರತಿ ಚಿತ್ರಕ್ಕೆ ಇಷ್ಟು ಅಂತ ಎಣಿಸುವ ದುಡ್ಡು ಮೂಗುದಾರದಂತೆ. ಎರಡೂ ದುಡ್ಡೇ, ಆದರೆ ಒಂದೇ ಅಲ್ಲ. ಇನ್ನೊಂದು ಮಾತು. ಈ ಪ್ರಯೋಗಗಳು ನಡೆದದ್ದು ಮೊದಲೇ ಇಷ್ಟವಿದ್ದ ಚಟುವಟಿಕೆಗಳ ಮೇಲೆ. ಯಾರಿಗೂ ಬೇಡದ ಕೆಲಸಕ್ಕೆ ಒಳ್ಳೆಯ ಕೂಲಿ ಕೊಡುವುದರಿಂದ ಕೆಡುವ ಪ್ರೀತಿ ಅಲ್ಲಿ ಇರುವುದೇ ಇಲ್ಲ.

ಹರ್ಷೆಲ್ ಅವರ ಕಥೆಗೆ ಇದನ್ನು ಹಚ್ಚಿ ನೋಡಿ. 1781ರ ಮಾರ್ಚ್‌ನಲ್ಲಿ, ಲದ್ದಿ ಕುಟ್ಟುವುದಕ್ಕೆ ಕೆಲವೇ ತಿಂಗಳ ಮೊದಲು, ವಿಲಿಯಂ ಯುರೇನಸ್ ಗ್ರಹವನ್ನು ಕಂಡಿದ್ದರು. ಮರುವರ್ಷ ರಾಜ ಮೂರನೇ ಜಾರ್ಜ್ ವರ್ಷಕ್ಕೆ 200 ಪೌಂಡ್ ಗೊತ್ತುಮಾಡಿ ಕರೆಸಿಕೊಂಡ. ಸಂಗೀತದಿಂದ ಬರುತ್ತಿದ್ದದ್ದಕ್ಕಿಂತ ಅದು ಕಡಿಮೆ. ವಿಲಿಯಂ ಒಪ್ಪಿದರು. ಯಾವ ನಕ್ಷತ್ರ ನೋಡಬೇಕು, ಎಷ್ಟು ನೋಡಬೇಕು ಅಂತ ಹೇಳುವವರು ಯಾರೂ ಇರಲಿಲ್ಲವಲ್ಲ, ಅದೇ ಅಲ್ಲಿನ ದೊಡ್ಡ ಸಂಬಳ ಅಂತ ನನಗನ್ನಿಸುತ್ತದೆ.

ಹೊತ್ತು ಹೋದದ್ದೇ ತಿಳಿಯದ ಹೊತ್ತು

ಇನ್ನು ಆ 16 ಗಂಟೆಗಳ ವಿಷಯ. ಊಟ ನಿದ್ದೆ ಮರೆಸುವ ಈ ಮುಳುಗುವಿಕೆಯನ್ನು ಜೀವನವಿಡೀ ಅಧ್ಯಯನ ಮಾಡಿದವರು ಮಿಹಾಯ್ ಚಿಕ್ಸೆಂಟ್‌ಮಿಹಾಯ್ (1934–2021). ಬಂಡೆ ಹತ್ತುವವರು, ಚೆಸ್ ಆಡುವವರು, ನೃತ್ಯಗಾರರು, ಶಸ್ತ್ರಚಿಕಿತ್ಸೆ ಮಾಡುವ ವೈದ್ಯರು, ಹೀಗೆ ಒಬ್ಬರಿಗೊಬ್ಬರು ಸಂಬಂಧವೇ ಇಲ್ಲದವರನ್ನು ಮಾತಾಡಿಸಿದರು. ಎಲ್ಲರೂ ಹೆಚ್ಚು ಕಡಿಮೆ ಒಂದೇ ಅನುಭವ ಹೇಳಿದರು. ಹೊಳೆ ಎಳೆದುಕೊಂಡು ಹೋದ ಹಾಗೆ ಕೆಲಸವೇ ನಮ್ಮನ್ನು ಎಳೆದುಕೊಂಡು ಹೋಗುತ್ತದೆ. ಆ ಸ್ಥಿತಿಗೆ ಅವರು "ಫ್ಲೋ", ಅಂದರೆ ಹರಿವು, ಎಂದೇ ಹೆಸರಿಟ್ಟರು.

ಹರಿವು ಬರಲು ಕೆಲವು ಷರತ್ತುಗಳಿವೆ. ಮುಂದಿನ ಹೆಜ್ಜೆ ಏನು ಅಂತ ಸ್ಪಷ್ಟ ಇರಬೇಕು. ಮಾಡಿದ್ದು ಸರಿಯಾಯಿತೋ ಇಲ್ಲವೋ ಆಗಿಂದಾಗಲೇ ತಿಳಿಯಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಕೆಲಸದ ಕಷ್ಟ ಮತ್ತು ನಮ್ಮ ಕೈಚಳಕ ಎರಡೂ ತೂಗಬೇಕು. ಕಷ್ಟ ಜಾಸ್ತಿಯಾದರೆ ಗಾಬರಿ. ಕಡಿಮೆಯಾದರೆ ಆಕಳಿಕೆ.

ನನಗೆ ಈ ಅನುಭವ ಸಿಗುವುದು ಕರಡು ತಿದ್ದುವಾಗ. ಹೊರಗಿನಿಂದ ನೋಡಿದರೆ ಇದಕ್ಕಿಂತ ಬೇಸರದ ಕೆಲಸ ಇಲ್ಲ. ಒಂದು ಸಾಲು, ಮತ್ತೊಂದು ಸಾಲು. ಆದರೆ ಕಣ್ಣು ಹಾಗೇ ಜಾರಿಕೊಂಡು ಹೋಗುತ್ತಿರುವಾಗ ಎಲ್ಲೋ "ವಿಧ್ಯಾರ್ಥಿ" ಅಂತ ಕೂತಿರುತ್ತದೆ. ದ ಅಕ್ಷರಕ್ಕೆ ಬೇಡದ ಒಂದು ಹೊಟ್ಟೆಸೀಳು. ಸಾಸಿವೆಯಷ್ಟು ಗೀಟು. ಓದುವವರಲ್ಲಿ ಹೆಚ್ಚಿನವರು ಗಮನಿಸದೆ ದಾಟುತ್ತಾರೆ. ಅದಕ್ಕೆ ಸುತ್ತು ಹಾಕಿ ಪಕ್ಕದಲ್ಲಿ "ದ್ಯಾ" ಅಂತ ಬರೆದಾಗ, ವಾರೆಯಾಗಿದ್ದ ಚಿತ್ರಪಟ ನೇರ ಮಾಡಿದಷ್ಟು ಸಮಾಧಾನ. ಪುಟ ತಿರುಗಿಸುತ್ತೇನೆ. ತಲೆಯೆತ್ತಿದಾಗ ಬೆಳಕು ಹೋಗಿರುತ್ತದೆ. ನನಗೆ "ಸಂಪಾದಕ" ಅನ್ನುವ ಹೆಸರು ಎಂದೂ ಅಷ್ಟು ಮುಖ್ಯ ಅನಿಸಿಲ್ಲ. ಆ ಸುತ್ತು ಹಾಕುವುದು ಇಷ್ಟ.

ಚಿಕ್ಸೆಂಟ್‌ಮಿಹಾಯ್ ಅವರ ಇನ್ನೊಂದು ಅಧ್ಯಯನ 1989ರದ್ದು. ಒಂದು ವಾರ ಕಾಲ ಕೆಲಸಗಾರರಿಗೆ ಪೇಜರ್ ಕೊಟ್ಟರು. ದಿನದಲ್ಲಿ ಹಲವು ಸಲ ಅದು ಸದ್ದು ಮಾಡುತ್ತಿತ್ತು. ಆ ಕ್ಷಣ ಏನು ಮಾಡುತ್ತಿದ್ದೀರಿ, ಹೇಗನಿಸುತ್ತಿದೆ ಅಂತ ಅವರು ಬರೆದಿಡಬೇಕಿತ್ತು. ಹರಿವಿನ ಕ್ಷಣಗಳು ಬಿಡುವಿನ ಹೊತ್ತಿಗಿಂತ ಕೆಲಸದಲ್ಲೇ ಬಹಳ ಹೆಚ್ಚು ಸಿಕ್ಕವು. ಆದರೂ ಕೆಲಸದಲ್ಲಿದ್ದಾಗ "ಇಲ್ಲಿರಬಾರದಿತ್ತು" ಅಂತಲೇ ಜನ ಬರೆದಿದ್ದರು! ಅಂದರೆ ನಮಗೆ ಏನು ಹಿಡಿಸುತ್ತದೆ ಅನ್ನುವುದನ್ನು ನಾವೇ ತಪ್ಪಾಗಿ ಊಹಿಸುತ್ತೇವೆ. "ಕೆಲಸ" ಅನ್ನುವ ಚೀಟಿ ಅಂಟಿದ ಕೂಡಲೇ ಅದರೊಳಗಿನ ಸುಖ ಕಣ್ಣಿಗೆ ಕಾಣದೆ ಹೋಗುತ್ತದೆ.

ಕನಸಿನ ಕೆಲಸ ಎಲ್ಲೋ ಸಿದ್ಧವಾಗಿ ಕಾದಿದೆ, ಹುಡುಕಿದರೆ ಸಾಕು ಅನ್ನುವ ನಂಬಿಕೆಯೂ ಇಂಥದ್ದೇ ಊಹೆ. 2018ರಲ್ಲಿ ಪಾಲ್ ಓಕೀಫ್, ಕ್ಯಾರಲ್ ಡ್ವೆಕ್, ಗ್ರೆಗ್ ವಾಲ್ಟನ್ ಇದನ್ನು ಪರೀಕ್ಷಿಸಿದರು. ಕಪ್ಪು ಕುಳಿಗಳ ಬಗ್ಗೆ ಒಂದು ಸೊಗಸಾದ ವಿಡಿಯೋ ತೋರಿಸಿದಾಗ ವಿದ್ಯಾರ್ಥಿಗಳಿಗೆಲ್ಲ ಆಸಕ್ತಿ ಹುಟ್ಟಿತು. ಆಮೇಲೆ ಅದೇ ವಿಷಯದ ಕಷ್ಟದ ಲೇಖನ ಕೊಟ್ಟರು. ಆಸಕ್ತಿ ಹುಟ್ಟಿನಿಂದಲೇ ಬರುತ್ತದೆ ಅಂತ ನಂಬಿದವರು ಬೇಗ ಕೈಬಿಟ್ಟರು. ಬೆಳೆಸಿಕೊಳ್ಳಬಹುದು ಅಂತ ನಂಬಿದವರು ಅಷ್ಟು ಬೇಗ ಬಿಡಲಿಲ್ಲ. ಕಷ್ಟ ಬಂದ ಕೂಡಲೇ "ಇದು ನನ್ನದಲ್ಲ" ಅಂದುಕೊಂಡರೆ, ಕಸುಬು ಕೈಗೆ ಹತ್ತುವುದಾದರೂ ಹೇಗೆ?

ಅಮೆರಿಕದ ವರ್ಮಾಂಟ್‌ನ ಜೆರಿಕೋ ಊರಿನ ವಿಲ್ಸನ್ ಬೆಂಟ್ಲಿ ಹೈನುಗಾರಿಕೆಯ ರೈತರ ಮನೆಯ ಹುಡುಗ. 15ನೇ ವಯಸ್ಸಿನಲ್ಲಿ ಅಮ್ಮ ಕೊಟ್ಟ ಹಳೆಯ ಸೂಕ್ಷ್ಮದರ್ಶಕದಲ್ಲಿ ಹಿಮದ ಹರಳುಗಳನ್ನು ನೋಡಿದ. ನೋಡಿದ್ದನ್ನು ಬರೆದಿಡಲು ಹೊರಟ. ಬರೆದು ಮುಗಿಸುವಷ್ಟರಲ್ಲಿ ಹರಳು ಕರಗುತ್ತಿತ್ತು. ಚಳಿಗಾಲಗಳು ಹೀಗೇ ಕಳೆದವು. ಆಮೇಲೆ ಸೂಕ್ಷ್ಮದರ್ಶಕಕ್ಕೆ ಕ್ಯಾಮೆರಾ ಜೋಡಿಸಿ, ತಪ್ಪಿ ತಪ್ಪಿ, 1885ರ ಜನವರಿ 15ರಂದು ಮೊದಲ ಚಿತ್ರ ತೆಗೆದ. ಆಗಿನ್ನೂ 19 ವರ್ಷ. ಬಿಸಿಯಿಲ್ಲದ ಕೋಣೆ. ಕಪ್ಪು ಹಲಗೆಯ ಮೇಲೆ ಬಿದ್ದ ಹರಳುಗಳಲ್ಲಿ ಒಂದನ್ನು ಆರಿಸಬೇಕು, ಕಡ್ಡಿಯಿಂದ ಮೆಲ್ಲಗೆ ಎತ್ತಿ ಗಾಜಿನ ಮೇಲಿಡಬೇಕು, ಉಸಿರು ತಾಕದಂತೆ ನೋಡಿಕೊಳ್ಳಬೇಕು. ಒಂದು ಬಿಸಿಯುಸಿರು ಸಾಕು, ಹರಳು ಹೋಯಿತು. ಹೀಗೆ 1931ರಲ್ಲಿ ತೀರಿಕೊಳ್ಳುವವರೆಗೆ 5,000ಕ್ಕೂ ಹೆಚ್ಚು ಚಿತ್ರಗಳನ್ನು ತೆಗೆದರು. ಬೆಂಟ್ಲಿ ಕೊನೆಯವರೆಗೂ ರೈತರಾಗಿಯೇ ಇದ್ದರು. ಹಿಮದ ಹರಳು ಅವರ ನೌಕರಿ ಆಗಲೇ ಇಲ್ಲ. ಕನಸಿನ ಕೆಲಸ ಹೊಟ್ಟೆಪಾಡಿನ ಕೆಲಸವೂ ಆಗಲೇಬೇಕು ಅಂತ ನಾವೇಕೆ ಅಂದುಕೊಳ್ಳಬೇಕು, ಅಲ್ವಾ?

ಈ ಪ್ರೀತಿಗೆ ಬೆಲೆಯೂ ಇದೆ. ಇದನ್ನು ಮುಚ್ಚಿಡುವುದು ತಪ್ಪು. 2009ರಲ್ಲಿ ಬಂಡರ್ಸನ್ ಮತ್ತು ಥಾಂಪ್ಸನ್ 150ಕ್ಕೂ ಹೆಚ್ಚು ಮೃಗಾಲಯಗಳ ಪ್ರಾಣಿಪಾಲಕರ ಅಧ್ಯಯನ ಪ್ರಕಟಿಸಿದರು. ಈ ಕೆಲಸಕ್ಕಾಗಿಯೇ ಹುಟ್ಟಿದ್ದೇನೆ ಅಂದುಕೊಂಡ ಪಾಲಕರಿಗೆ ಸಗಣಿ ಬಾಚುವುದರಲ್ಲೂ ಅರ್ಥ ಕಾಣುತ್ತಿತ್ತು. ಅದೇ ಜನ ಸಂಬಳ, ಬಿಡುವು, ಸುಖ ಎಲ್ಲವನ್ನೂ ಬಿಟ್ಟುಕೊಡಲು ತಯಾರಿದ್ದರು. ಅವರನ್ನು ದುಡಿಸಿಕೊಳ್ಳುವುದು ಸುಲಭವಾಗಿತ್ತು. 2020ರಲ್ಲಿ ಪ್ರಕಟವಾದ ಇನ್ನೊಂದು ಸರಣಿ ಪ್ರಯೋಗಗಳು ಹೊರಗಿನವರ ಮನಸ್ಸನ್ನು ನೋಡಿದವು. ಕೆಲಸವನ್ನು ಪ್ರೀತಿಸುವವರಿಗೆ ಸಂಬಳವಿಲ್ಲದೆ ಹೆಚ್ಚು ಹೊತ್ತು ದುಡಿಸಿದರೂ, ಸಂಬಂಧವಿಲ್ಲದ ಕೀಳು ಕೆಲಸ ಹಚ್ಚಿದರೂ, ಅದು ಅಷ್ಟೇನೂ ತಪ್ಪಲ್ಲ ಅಂತ ಜನ ತೀರ್ಪು ಕೊಟ್ಟರು. "ಹೇಗೂ ಇಷ್ಟಪಟ್ಟು ಮಾಡ್ತಾರಲ್ಲ" ಅನ್ನುವ ತರ್ಕ. ಮಕ್ಕಳಿಗೆ ಪಾಠ ಹೇಳುವವರು, ರೋಗಿಗಳ ಆರೈಕೆ ಮಾಡುವವರು, ಬರೆಯುವವರು, ಹಾಡುವವರು ಈ ತರ್ಕವನ್ನು ದಿನಾ ಕೇಳುತ್ತಾರೆ. ಇದು ನನಗೆ ಸಿಟ್ಟು ತರಿಸುತ್ತದೆ. ಕೆಲಸದ ಮೇಲಿನ ಪ್ರೀತಿ ದುಡಿಯುವವರ ಆಸ್ತಿ. ಅದನ್ನು ಸಂಬಳದಲ್ಲಿ ಮುರಿದುಕೊಳ್ಳುವ ಹಕ್ಕು ಯಾರಿಗೂ ಇಲ್ಲ.

ಕ್ಯಾರೊಲಿನ್ ಹರ್ಷೆಲ್ ಅವರಿಗೆ ಈ ಲೆಕ್ಕ ಚೆನ್ನಾಗಿ ಗೊತ್ತಿತ್ತು. ವರ್ಷಗಟ್ಟಲೆ ರಾತ್ರಿಯಿಡೀ ಅಣ್ಣನ ಪಕ್ಕ ಕೂತು ಅವರು ಕೂಗಿ ಹೇಳಿದ್ದನ್ನೆಲ್ಲ ಬರೆದುಕೊಂಡರು. 1786ರ ಆಗಸ್ಟ್ 1ರಂದು ತಾವೇ ಒಂದು ಧೂಮಕೇತು ಕಂಡರು. 1797ರ ಹೊತ್ತಿಗೆ ಎಂಟಾದವು. 1787ರಿಂದ ಅವರಿಗೆ ವರ್ಷಕ್ಕೆ 50 ಪೌಂಡ್ ಸಂಬಳ ಗೊತ್ತಾಯಿತು. ಅದನ್ನು ಅವರು ಬೇಡ ಅನ್ನಲಿಲ್ಲ. ಸಂತೋಷದಿಂದ ತೆಗೆದುಕೊಂಡರು.

ನಿಮ್ಮ ಕನಸಿನ ಕೆಲಸ ಯಾವುದು ಅಂತ ತಿಳಿಯಬೇಕಿದ್ದರೆ ನಾನು ಒಂದೇ ಪ್ರಶ್ನೆ ಕೇಳುತ್ತೇನೆ. ಆ ಕೆಲಸದ ಲದ್ದಿ ಯಾವುದು? ಮೊದಲು ಅದನ್ನು ಕಂಡುಹಿಡಿಯಿರಿ. ಆ ಕೆಲಸ ಮಾಡುವವರ ಪಕ್ಕ ಒಂದು ದಿನ ಕೂರಿ. ಹಬ್ಬದಂಥ ದಿನ ಬೇಡ, ಯಾವ ವಿಶೇಷವೂ ಇಲ್ಲದ ದಿನ. ಅವರ ಕೈ ಏನು ಮಾಡುತ್ತಿದೆ ನೋಡಿ. ನೋಡುತ್ತಾ ನೋಡುತ್ತಾ "ಕೊಡಿ ಇಲ್ಲಿ, ನಾನೂ ಸ್ವಲ್ಪ ಮಾಡ್ತೀನಿ" ಅನ್ನಿಸಿದರೆ ಅಲ್ಲಿ ನಿಮಗೇನೋ ಇದೆ.

1822ರಲ್ಲಿ ವಿಲಿಯಂ ತೀರಿಕೊಂಡ ಮೇಲೆ ಕ್ಯಾರೊಲಿನ್ ತಾವು ಹುಟ್ಟಿದ ಹ್ಯಾನೋವರ್‌ಗೆ ವಾಪಸಾದರು. ಆಗ ಅವರಿಗೆ 72 ವರ್ಷ. ಎದುರು ಮನೆಗಳ ಎತ್ತರದ ಮಾಡು ಅಡ್ಡ ಬಂದು ಅಲ್ಲಿ ಆಕಾಶವೇ ಸಿಗುವುದಿಲ್ಲ ಅಂತ ಬೇಸರಪಟ್ಟುಕೊಂಡು ಬರೆದರು. ನೋಡಲು ಆಗದಿದ್ದರೆ ಏನಾಯಿತು, ಅಣ್ಣನ ಹಳೆಯ ಟಿಪ್ಪಣಿಗಳಿದ್ದವು. ಸುಮಾರು 2,500 ನೀಹಾರಿಕೆಗಳು ಮತ್ತು ನಕ್ಷತ್ರಗುಚ್ಛಗಳನ್ನು ಒಂದೊಂದಾಗಿ ಲೆಕ್ಕ ಹಾಕಿ, ಅಣ್ಣನ ಮಗ ಜಾನ್ ರಾತ್ರಿ ಆಕಾಶ ಹುಡುಕುವಾಗ ಸುಲಭವಾಗುವ ಹಾಗೆ, ಹೊಸ ಕ್ರಮದಲ್ಲಿ ಪಟ್ಟಿ ಮಾಡಲು ಕೂತರು.